ಮೈ ಗಟ್ಟಿ ಇದೆ, ತಗೊಳ್ಳಿ

ಎಣ್ಣೆ ಡಬ್ಬ ಮತ್ತೆ ಕಾಣೆಯಾಗಿತ್ತು.

"ಇದು ಆರನೇದು," ಎಂದರು ಅಮ್ಮ, ಹಿತ್ತಿಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು. "ತೊಳೆದು ಬೋರಲು ಹಾಕಿದ್ದೆ. ಡಬ್ಬಕ್ಕೆ ಕಾಲು ಬಂತಾ, ರೆಕ್ಕೆ ಬಂತಾ?"

ಒಲೆಯ ಮುಂದೆ ಮೊಟ್ಟೆ ಒಡೆಯುತ್ತಿದ್ದ ಸೊಸೆ ತಿರುಗದೆಯೇ ಹೇಳಿದಳು. "ನನ್ನ ಬೆನ್ನನ್ನ ಯಾಕೆ ನೋಡ್ತೀರಿ ಅತ್ತೆ? ನಾನು ಡಬ್ಬ ತಿನ್ನಲ್ಲ."

"ತಿನ್ನಲ್ಲ ಅಂತ ನನಗೂ ಗೊತ್ತು. ಗುಜರಿಯವನಿಗೆ ಹಾಕೋಕೆ ಬಾಯಿ ಬೇಕಾಗಿಲ್ಲ."

"ನಾನು ಬೆಳಿಗ್ಗೆ ಎಂಟಕ್ಕೆ ಹೊಲಿಗೆ ಅಂಗಡಿಗೆ ಹೋದ್ರೆ ಬರೋದು ಸಂಜೆ ಆರಕ್ಕೆ. ಗುಜರಿಯವನು ಏನು ನನಗೋಸ್ಕರ ಕನಸಲ್ಲಿ ಬರ್ತಾನಾ?"

ಐದು ಲೀಟರಿನ ಆ ತಗಡಿನ ಡಬ್ಬಗಳು ಈ ಮನೆಯಲ್ಲಿ ಸಾಮಾನ್ಯ ವಸ್ತುಗಳಲ್ಲ. ಹೊಸ ಡಬ್ಬ ಒಡೆದ ದಿನ ಅಮ್ಮ ಮೊಳೆ ತೆಗೆದುಕೊಂಡು ಅದರ ಅಗಲ ಬದಿಯಲ್ಲಿ, ಹಳದಿ ಹೂವಿನ ಚಿತ್ರದ ಪಕ್ಕ, ತಾರೀಖು ಗೀಚುತ್ತಿದ್ದರು. ಎಣ್ಣೆ ಎಷ್ಟು ದಿನಕ್ಕೆ ಮುಗಿಯಿತು ಎಂಬುದು ಆ ಮನೆಯ ಸಂವಿಧಾನದ ಮೊದಲನೇ ವಿಧಿ. ಮೂವತ್ತು ದಿನ ಬಂದರೆ ಸೊಸೆ ಒಳ್ಳೆಯವಳು, ಇಪ್ಪತ್ತೈದು ಬಂದರೆ ಕೈ ಸ್ವಲ್ಪ ಸಡಿಲ, ಅದಕ್ಕೂ ಕಮ್ಮಿಯಾದರೆ ಮಾತು ಬಂದ್. ಖಾಲಿಯಾದ ಡಬ್ಬದ ಮುಚ್ಚಳ ಕತ್ತರಿಸಿ, ಬಿಸಿನೀರಲ್ಲಿ ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಒಣಗಿಸಿದರೆ ಅದಕ್ಕೆ ಎರಡನೇ ಜನ್ಮ: ಸೋಪಿನ ಪುಡಿಗೆ, ಬೇಳೆಗೆ, ಬಟ್ಟೆಯ ಕ್ಲಿಪ್ಪಿಗೆ. ಒಂದು ವರ್ಷದಿಂದ ಮಾತ್ರ ಎರಡನೇ ಜನ್ಮಕ್ಕೆ ಮೊದಲೇ ಡಬ್ಬಗಳು ಮಾಯವಾಗುತ್ತಿದ್ದವು.

ಮೇಜಿನ ತುದಿಯಲ್ಲಿ ಅಪ್ಪ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದರು. ಈ ಜಗಳ ಅವರ ಕಿವಿಗೆ ಬೀಳಲೇ ಇಲ್ಲ. ಬೀಳಲಿಲ್ಲ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಕಾರಿನ ತಗಡು ಬಡಿದ ಟಿಂಕರ್ ಅವರು. ಕಾರಿನ ಡೊಂಕು ತಿದ್ದುತ್ತಾ ತಿದ್ದುತ್ತಾ ಕಿವಿ ಸವೆದು ಹೋಗಿತ್ತು. ಯಾರಾದರೂ ಮಾತಾಡಿಸಿದರೆ ತುಟಿ ನೋಡಿ "ಹ್ಞೂಂ" ಎನ್ನುತ್ತಿದ್ದರು. ಒಲೆಯ ಮೇಲೆ ಕೆಟಲ್ ಕಿರುಚಿಕೊಂಡರೂ ಅವರು ಪೇಪರಿನಿಂದ ತಲೆಯೆತ್ತದಿದ್ದುದನ್ನು ನೋಡಿ ಸೊಸೆಗೆ ಗುಟ್ಟು ತಿಳಿದಿತ್ತು. ಅವಳು ಸುಮ್ಮನಿದ್ದಳು. ಗಂಡಸರ ಗುಟ್ಟುಗಳನ್ನು ಕಾಪಾಡುವುದು ತನ್ನ ಕೆಲಸವೆಂದು ಆಗಿನ್ನೂ ನಂಬಿದ್ದಳು.

ಎರಡು ವರ್ಷದ ಹಿಂದೆ ಅಪ್ಪ ಶೆಡ್ಡನ್ನು ಮಗನಿಗೆ ಒಪ್ಪಿಸಿದ್ದರು. ಮಗ ಹಳೆಯ ಕಾರುಗಳನ್ನು ಕೊಂಡು, ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುತ್ತಿದ್ದ. ಅಪ್ಪನಿಗೆ ಉಳಿದಿದ್ದು ಒಂದೇ ಕೆಲಸ. ಗಿರಾಕಿ ಬಂದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಮ್ಯಾಗ್ನೆಟ್ ತೆಗೆದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು. ತಗಡಿದ್ದಲ್ಲಿ ಮ್ಯಾಗ್ನೆಟ್ ಟಕ್ಕೆಂದು ಕೂರುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಜಾರಿ ಬೀಳುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ, ಕತ್ತು ಓರೆ ಮಾಡಿ ಆಲಿಸುವುದು. ಗಟ್ಟಿ ತಗಡು ಠಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ. ಕೊನೆಗೆ ತೀರ್ಪು: "ಹ್ಞೂಂ. ಮೈ ಗಟ್ಟಿ ಇದೆ, ತಗೊಳ್ಳಿ." ಜನ ಕೊಳ್ಳುತ್ತಿದ್ದುದು ಕಾರನ್ನಲ್ಲ, ಆ ನಾಲ್ಕು ಮಾತನ್ನು.

ಆ ಮಾತನ್ನು ಮಗಳು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದಳೆಂದರೆ, ಪಕ್ಕದ ಕೋಣೆಯಿಂದ ಕೇಳಿದರೆ ಅಮ್ಮನೇ ಮೋಸಹೋಗಿ ಚಹಾ ತರುತ್ತಿದ್ದರು. ಕಲ್ಲಂಗಡಿ ತಟ್ಟಿ ಕತ್ತು ಓರೆ ಮಾಡಿ "ಹ್ಞೂಂ. ಮೈ ಗಟ್ಟಿ" ಎನ್ನುವಳು. ಅತ್ತಿಗೆ ಎರಡು ಕಿಲೋ ದಪ್ಪಗಾದಾಗ ಬೆನ್ನು ತಟ್ಟಿ ಅದನ್ನೇ ಅಂದು ಪೆಟ್ಟು ತಿಂದಿದ್ದಳು.

ಮಗಳದು ಲಾಂಡ್ರಿ. ಹಿತ್ತಿಲಿನ ಶೀಟಿನ ಕೊಟ್ಟಿಗೆಯಲ್ಲಿ ಎರಡು ವಾಷಿಂಗ್ ಮೆಷಿನ್ನು, ಒಂದು ಇಸ್ತ್ರಿ ಮೇಜು. ಇಷ್ಟು ದಿನ ಸ್ಕೂಟರಿನ ಹಿಂದೆ ಮೂಟೆ ಕಟ್ಟಿಕೊಂಡು ಲಾಡ್ಜುಗಳ ಬಟ್ಟೆ ತರುತ್ತಿದ್ದಳು. ಈಗ ದಿಬ್ಬದ ಮೇಲಿನ ನರ್ಸಿಂಗ್ ಹೋಮು ದಿನಕ್ಕೆ ನೂರು ಹಾಸುಬಟ್ಟೆ ಒಗೆಯುವ ಕೆಲಸ ಕೊಡಲು ಒಪ್ಪಿತ್ತು. ಒಂದೇ ಷರತ್ತು: ಒಂದನೇ ತಾರೀಖಿನಿಂದ ಕಾರಿನಲ್ಲಿ ಬರಬೇಕು, ಒಂದು ದಿನವೂ ತಪ್ಪಬಾರದು.

"ಅಣ್ಣಾ, ಶೆಡ್ಡಲ್ಲಿರೋ ಆ ನೀಲಿ ಕಾರು ನನಗೆ ಕೊಡು," ಎಂದಳು ಊಟದ ಹೊತ್ತಿಗೆ. "ಪೂರ್ತಿ ದುಡ್ಡು ಕೊಡ್ತೀನಿ, ಧರ್ಮಕ್ಕಲ್ಲ."

ಮಗನ ಕೈಯ ಚಮಚ ಅರ್ಧದಲ್ಲೇ ನಿಂತಿತು. "ಅದು ಬೇಡ."

"ಯಾಕೆ?"

"ಬಣ್ಣ ಚೆನ್ನಾಗಿಲ್ಲ."

"ಹೊಡೆದೋನು ನೀನೇ ಅಲ್ವಾ?"

"ಅದೂ... ಒಬ್ಬರು ನೋಡ್ಕೊಂಡು ಹೋಗಿದಾರೆ."

"ಮುಂಗಡ ಕೊಟ್ಟಿದಾರಾ?"

"ಇಲ್ಲ. ನಿನಗ್ಯಾಕೆ ಅಷ್ಟು ಹಳೇ ಗಾಡಿ? ಒದ್ದೆ ಬಟ್ಟೆ ತುಂಬ್ತೀಯ, ತುಕ್ಕು ಹಿಡಿಯುತ್ತೆ. ಮೂರು ತಿಂಗಳು ತಡಿ, ಬೇರೆ ತರ್ತೀನಿ."

"ಮೂರು ತಿಂಗಳು ನರ್ಸಿಂಗ್ ಹೋಮಿನವರು ಬರಿ ಮಂಚದ ಮೇಲೆ ಮಲಗ್ತಾರಾ?" ಮಗಳು ತಟ್ಟೆ ಸರಿಸಿದಳು. "ನೇರವಾಗಿ ಹೇಳು. ಊರಿಗೆಲ್ಲಾ ಕಾರು ಮಾರ್ತೀಯ. ಕಂಡವರಿಗೆಲ್ಲಾ ಮಾರ್ತೀಯ. ತಂಗಿ ಸ್ಟೀರಿಂಗ್ ಹಿಡಿದ್ರೆ ಮಾತ್ರ ನಿನಗೆ ಹೊಟ್ಟೆ ಉರಿ."

"ಹಾಗಲ್ಲ ಕಣೆ—"

"ಹೇಗೆ ಮತ್ತೆ? ಬಾಯಿ ಬಿಡು."

ಮಗ ಬಾಯಿ ಬಿಡಲಿಲ್ಲ. ಆಲೂಗಡ್ಡೆ ತುರುಕಿ ಮುಚ್ಚಿಕೊಂಡ. ಹತ್ತು ದಿನ ಇದೇ ನಡೆಯಿತು. ತಿಂಡಿಗೆ ಕಾರು, ಊಟಕ್ಕೆ ಕಾರು. ಅಮ್ಮ ಮಗಳ ಪಕ್ಷ ಸೇರಿದರು: "ನಿನಗೆ ಶೆಡ್ಡು ಕೊಟ್ವಿ. ಅವಳಿಗೆ ಏನು ಕೊಟ್ವಿ? ದುಡ್ಡು ಕೊಟ್ಟು ಕೇಳ್ತಿದಾಳೆ, ಅದಕ್ಕೂ ನಿನ್ನ ಕಾಲು ಹಿಡೀಬೇಕಾ?" ಸೊಸೆ ಕೂಡ ರಾತ್ರಿ ಪಾತ್ರೆ ಒರೆಸುತ್ತಾ, "ಕೊಟ್ಟುಬಿಡಿ ರೀ, ನಾಚಿಕೆಗೇಡು" ಎಂದಳು.

ಕೊನೆಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟರು. ಎಲ್ಲರೂ ಶೆಡ್ಡಿಗೆ ಹೋದರು.

"ಹಳೇ ಕಾರಿನ ತಗಡು ದಪ್ಪ, ಆದ್ರೆ ಬೆತ್ತಲೆ," ಎಂದು ಅಪ್ಪ ನೀಲಿ ಕಾರಿನ ಬಾನೆಟ್ಟಿನ ಮೇಲೆ ಕೈಯಾಡಿಸಿದರು. "ಈಗಿನ ಕಾರುಗಳದ್ದು ತೆಳು, ಆದ್ರೆ ಸತುವಿನ ಒಳ ಅಂಗಿ ಹಾಕ್ಕೊಂಡಿರುತ್ತೆ, ತುಕ್ಕು ಬೇಗ ಹತ್ತಿರ ಬರಲ್ಲ. ಇಂಥವಕ್ಕೆ ನಾವೇ ಕಾವಲು. ನೋಡು ಮಗಳೇ, ಬಾಗಿಲಿನ ಕೆಳಗೆ ಉದ್ದಕ್ಕೆ ಒಂದು ಪೆಟ್ಟಿಗೆ ಇದೆ. ಕಾರಿನ ಬೆನ್ನುಮೂಳೆ ಇದು. ಜಾಕ್ ಕೊಡೋದೂ ಇಲ್ಲೇ. ಇದರ ಅಡಿಯಲ್ಲಿ ನೀರು ಇಳಿಯೋ ತೂತುಗಳಿರ್ತವೆ. ವಾರಕ್ಕೊಮ್ಮೆ ಹೇರ್‌ಪಿನ್ ಹಾಕಿ ಬಿಡಿಸ್ತಿರು. ತೂತು ಕಟ್ಟಿದ್ರೆ ನೀರು ಒಳಗೇ ಕೂತು ತಿನ್ನುತ್ತೆ."

ಮಗ ಗೋಡೆಯ ಕಡೆ ನೋಡುತ್ತಿದ್ದ. ಅಪ್ಪ ಆ ಪೆಟ್ಟಿಗೆಯುದ್ದಕ್ಕೂ ಮ್ಯಾಗ್ನೆಟ್ ಎಳೆದರು. ಎಲ್ಲಾ ಕಡೆ ಟಕ್, ಟಕ್ಕೆಂದು ಕೂತಿತು. ಗೆಣ್ಣಿನಿಂದ ತಟ್ಟಿ, ಕತ್ತು ಓರೆ ಮಾಡಿ, ಕಣ್ಣು ಮುಚ್ಚಿದರು.

"ಹ್ಞೂಂ. ಮೈ ಗಟ್ಟಿ ಇದೆ, ತಗೋ."

"ನೋಡಿದ್ಯಾ?" ಎಂದು ಮಗಳು ಅಣ್ಣನ ಕಡೆ ಕೈ ಚಾಚಿದಳು. "ಕೀ ಕೊಡು."

ಅವನು ಕೊಟ್ಟ. ಆ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ ಅವನ ಮಾನ ಮಾತ್ರ ಹೋಗುತ್ತಿತ್ತು.

ಒಂದನೇ ತಾರೀಖಿನಿಂದ ಮಗಳು ದಿಬ್ಬ ಹತ್ತತೊಡಗಿದಳು. ಹಿಂದಿನ ಸೀಟು ಕಳಚಿ, ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಮಡಚಿ ತೊಟ್ಟಿಯಂತೆ ಮಾಡಿದ್ದಳು. ಅಣ್ಣ ಅಂದ ತುಕ್ಕಿನ ಮಾತು ಅವಳಿಗೆ ನಾಟಿತ್ತು. ಒಂದು ಹನಿ ತಗಡಿಗೆ ಬೀಳದಂತೆ ನೋಡಿಕೊಂಡಳು. ಭಾನುವಾರ ಹೇರ್‌ಪಿನ್ ಹಿಡಿದು ಕಾರಿನಡಿ ತೂರಿದರೆ ತೂತುಗಳೇ ಸಿಗಲಿಲ್ಲ. ಕಪ್ಪು ಡಾಂಬರಿನಂಥ ಲೇಪ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ತೂತು ಎಲ್ಲಿದೆ ಅಣ್ಣಾ?"

"ಲೇಪ ಹೊಡೆದಿದೀನಲ್ಲ, ತೂತು ಬೇಕಾಗಿಲ್ಲ," ಎಂದ ಅವನು, ಷೂ ಲೇಸು ಬಿಗಿಯುತ್ತಾ.

ಅದೇ ವಾರ ಏಳನೇ ಡಬ್ಬವೂ ಹೋಯಿತು. ಈ ಸಲ ಅಮ್ಮ ಸೊಸೆಯ ಹೊಲಿಗೆ ಚೀಲವನ್ನು ಬಿಚ್ಚಿ ನೋಡಿದರು. ಸೊಸೆ ಬಾಗಿಲಲ್ಲೇ ನಿಂತು ನೋಡಿದಳು. ಜಗಳವಾಡಲಿಲ್ಲ. ಅವತ್ತಿನಿಂದ ತನ್ನ ಮೊಟ್ಟೆಯನ್ನು ನೀರಿನಲ್ಲಿ ಬೇಯಿಸಿಕೊಂಡು, ಎಣ್ಣೆ ಮುಟ್ಟದೆ, ನಿಂತೇ ತಿಂದು ಕೆಲಸಕ್ಕೆ ಹೋದಳು. "ಏನಾಯ್ತೇ?" ಎಂದು ಮಗ ಕೇಳಿದರೆ, "ನಿಮ್ಮಮ್ಮನಿಗೆ ನಾನು ಕಳ್ಳಿ. ನೀವೂ ಅಲ್ಲೇ ಕೂತಿದ್ರಿ. ಕೇಳಿಸ್ಕೊಂಡ್ರಿ" ಎಂದಳು. ಅವನು ಕೇಳಿಸಿಕೊಂಡಿದ್ದ. ಅಪ್ಪನಂತೆ ಅವನ ಕಿವಿಗೇನೂ ಆಗಿರಲಿಲ್ಲ.

ಐದನೇ ವಾರದ ಬುಧವಾರ ಮಧ್ಯಾಹ್ನ ನರ್ಸಿಂಗ್ ಹೋಮಿನ ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ಕಾರಿನ ಎಡಗಡೆಯ ಹಿಂದಿನ ಟಯರು ಪಂಕ್ಚರ್ ಆಯಿತು. ಮಗಳು ಅಪ್ಪ ಹೇಳಿಕೊಟ್ಟಂತೆಯೇ ಗಾಲಿಗಳಿಗೆ ಕಲ್ಲು ಕೊಟ್ಟು, ಬಾಗಿಲ ಕೆಳಗಿನ ಪೆಟ್ಟಿಗೆಗೆ ಜಾಕ್ ಹೊಂದಿಸಿ ತಿರುಗಿಸಿದಳು. ಮೊದಲು ಕಾರು ಒಂದಿಷ್ಟು ಎದ್ದಿತು. ಗಾಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಬಿಸ್ಕತ್ತು ಮುರಿದಂಥ ಸದ್ದು. ಜಾಕ್ ಅಲ್ಲೇ ನಿಂತಿತ್ತು. ಕಾರು ಮಾತ್ರ ಅದರ ಮೇಲೆ ಕೂತುಕೊಳ್ಳುತ್ತಿತ್ತು. ಜಾಕಿನ ತಲೆ ಕಾರಿನ ಹೊಟ್ಟೆಯೊಳಗೆ ಹೋಗಿತ್ತು. ಹೊಸ ಗಾಲಿ ಕೂರಿಸಲು ಅಡಿಗೆ ಚಾಚಿದ್ದ ಕೈಯನ್ನು ಅವಳು ಎಳೆದುಕೊಂಡಳು. ಜಾಕ್ ಮಗುಚಿ ಮಣಿಕಟ್ಟಿಗೆ ಬಡಿಯಿತು. ಕಾರು ನೆಲಕ್ಕೆ ಧಡ್ಡೆಂದು ಕುಸಿಯಿತು.

ಕಾವಲುಗಾರ ಓಡಿಬಂದ. "ಕೈ ಇದೆಯೇನಮ್ಮಾ?"

"ಇದೆ," ಎಂದು ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಂಡಳು. ಹರಿದ ಪೆಟ್ಟಿಗೆಯಿಂದ ಕಂದು ಪುಡಿ ಮರಳಿನಂತೆ ಸುರಿಯುತ್ತಿತ್ತು. ನಡುವೆ ಒಂದು ತೆಳು ತಗಡಿನ ತುಂಡು ನಾಲಿಗೆ ಚಾಚಿತ್ತು. ಅಣ್ಣನ ಮುಖಕ್ಕೆ ಹಿಡಿಯಬೇಕೆಂದು ಅದನ್ನು ಕಿತ್ತು ಬಟ್ಟೆಯ ಬುಟ್ಟಿಗೆ ಎಸೆದಳು. ಕೈ ಊದತೊಡಗಿದ ಮೇಲೆ ಅದು ಮರೆತೇ ಹೋಯಿತು.

ಸಂಜೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಆಟೋದಲ್ಲಿ ಬುಟ್ಟಿ ಸಮೇತ ಬಂದಿಳಿದಾಗ ಎಲ್ಲರೂ ಮನೆಯಲ್ಲಿದ್ದರು. ಅವಳು ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಮಗ ಎದ್ದು ನಿಂತ.

"ನಾನು ಮೊದಲೇ ಹೇಳಿರ್ಲಿಲ್ವಾ? ಒದ್ದೆ ಬಟ್ಟೆ ತುಂಬಬೇಡ ಅಂತ? ಐದು ವಾರ ನೀರು ಸುರಿಸಿದೀಯ. ಕಬ್ಬಿಣ ಇನ್ನೇನು ಮಾಡುತ್ತೆ?"

"ಪ್ಲಾಸ್ಟಿಕ್ ಹಾಸಿದೀನಿ! ಒಂದು ಹನಿ ಬಿದ್ದಿಲ್ಲ!"

"ಪ್ಲಾಸ್ಟಿಕ್ಕಿಗೂ ತೂತಾಗುತ್ತೆ."

ಅಪ್ಪ ಮಗನ ತುಟಿಯನ್ನೇ ನೋಡುತ್ತಿದ್ದವರು ನಿಧಾನವಾಗಿ ತಲೆಯಾಡಿಸಿದರು. "ನೀರಿನ ಕೆಲಸ ಮಗಳೇ. ನಾನು ನೋಡಿದಾಗ ಗಟ್ಟಿ ಇತ್ತು. ನನ್ನ ಕೈ ಸುಳ್ಳು ಹೇಳಲ್ಲ."

ಮಗಳ ಕಣ್ಣು ತುಂಬಿ ಬಂತು. ಏಟು ಬಿದ್ದಾಗ ಅತ್ತಿರಲಿಲ್ಲ. "ಐದು ವಾರಕ್ಕೆ ಕಬ್ಬಿಣ ಪುಡಿಯಾಗುತ್ತಾ ಅಪ್ಪ? ನನ್ನ ಲಾಂಡ್ರೀಲಿ ಏನು ಆಸಿಡ್ ಇದೆಯಾ?"

ಹಿತ್ತಿಲಲ್ಲಿ ಬಟ್ಟೆ ಬೇರ್ಪಡಿಸುತ್ತಿದ್ದ ಅಮ್ಮ ಒಳಗೆ ಬಂದರು. ಕೈಯಲ್ಲಿ ಆ ತಗಡಿನ ತುಂಡು. ಒಂದು ಮುಖಕ್ಕೆ ಬಿಳಿ ಪುಟ್ಟಿ, ನೀಲಿ ಬಣ್ಣ. ಇನ್ನೊಂದು ಮುಖವನ್ನು ಅವರು ಒದ್ದೆ ದಿಂಬಿನ ಚೀಲದಿಂದ ತಿಕ್ಕಿದ್ದರು. ಹಳದಿ ಹೂವೊಂದು ಅರ್ಧ ನಗುತ್ತಿತ್ತು.

"ಹನ್ನೆರಡು, ಮೂರು," ಎಂದು ಓದಿದರು. "ಇದು ನನ್ನ ಬರಹ."

ತುಂಡನ್ನು ಮಗನ ಮುಂದೆ ಹಿಡಿದರು.

"ನನ್ನ ಡಬ್ಬ ಇವಳ ಕಾರೊಳಗೆ ಹೇಗೆ ಹೋಯ್ತೋ?"

ಸೊಸೆ ಎದ್ದು ಬಂದು ತುಂಡನ್ನು ಕೈಗೆ ತೆಗೆದುಕೊಂಡಳು. "ಹನ್ನೆರಡನೇ ತಾರೀಖಿನದು. ಹತ್ತೊಂಬತ್ತು ದಿನಕ್ಕೆ ಮುಗಿಸಿದೆ ಅಂತ ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ರಲ್ಲ ಅತ್ತೆ, ಅದೇ ಡಬ್ಬ." ಗಂಡನ ಕಡೆ ತಿರುಗಿದಳು. "ನನ್ನ ಚೀಲ ಬಿಚ್ಚಿ ಹುಡುಕುವಾಗ ನೀವು ಅಲ್ಲೇ ಕೂತು ಬ್ರೆಡ್ ತಿಂತಿದ್ರಿ."

"ಅದೂ... ಕೇಳು—"

"ಜಾಮ್ ಹಚ್ಕೊಂಡು ತಿಂತಿದ್ರಿ!"

ಅಪ್ಪನಿಗೆ ಮಾತು ಕೇಳಿಸಲಿಲ್ಲ, ತಗಡು ಕಾಣಿಸಿತು. ಜೇಬಿನಿಂದ ಮ್ಯಾಗ್ನೆಟ್ ತೆಗೆದು ತುಂಡಿನ ಬಳಿ ಹಿಡಿದರು. ಟಕ್ಕೆಂದು ಕೂತಿತು. ಎಣ್ಣೆ ಡಬ್ಬವೂ ಕಬ್ಬಿಣದ್ದೇ. ತುಕ್ಕು ತಿಂದ ತೂತಿನ ಮೇಲೆ ಡಬ್ಬದ ತಗಡು ಅಂಟಿಸಿ, ಅದರ ಮೇಲೆ ತೆಳುವಾಗಿ ಪುಟ್ಟಿ ಎಳೆದರೆ ಮ್ಯಾಗ್ನೆಟ್ ಕೂರುತ್ತದೆ. ಇದು ಬೇರೆ ಯಾವ ಶೆಡ್ಡಿನವರಿಗೂ ಹೊಳೆಯದ ಉಪಾಯ. ಬೇರೆ ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಮ್ಯಾಗ್ನೆಟ್ಟಿನ ಮಗನಿಗೆ ಮಾತ್ರ ಬೇಕಿತ್ತು.

"ನನಗೋಸ್ಕರ ಮಾಡಿದ್ಯಾ?" ಎಂದರು ಅಪ್ಪ. "ನನ್ನ ಕೈಗೆ ಸಿಕ್ಕಿ ಬೀಳಬಾರದು ಅಂತ?"

ಮಗ ರೇಗಿದ. "ಮತ್ತೇನು ಮಾಡ್ಲಿ? ಆ ಕಾಲದ ಕಾರು ಯಾವುದನ್ನ ಬಿಚ್ಚಿದ್ರೂ ಒಳಗೆ ಪುಡಿ. ಕೊಳೆತಿದ್ದೆಲ್ಲಾ ಕತ್ತರಿಸಿ ಹೊಸ ತಗಡು ಬೆಸೆಯೋಕೆ ನಾಲ್ಕು ದಿನ ಬೇಕು. ಅದಕ್ಕೆ ಯಾರು ಕೊಡ್ತಾರೆ? ಎಲ್ಲರೂ ಪುಟ್ಟಿ ಹಾಕೇ ಮಾರೋದು. ನಾನು ತಗಡಾದ್ರೂ ಹಾಕಿದೀನಿ!"

"ಹೌದು, ದೊಡ್ಡ ಉಪಕಾರ," ಎಂದಳು ಮಗಳು. "ಬೇರೆಯವರು ನಮ್ಮನ್ನ ಪುಟ್ಟಿ ಮೇಲೆ ಕೂರಿಸ್ತಾರೆ, ನೀನು ಅಡುಗೆಮನೆ ಮೇಲೆ ಕೂರಿಸಿದೀಯ."

"ನಿನಗೆ ಬೇಡ ಅಂದೆನಲ್ಲ! ಹತ್ತು ದಿನ ಬೇಡ ಅಂದೆ!"

"ಬೇಡ ಅಂದೆ. ಯಾಕೆ ಅನ್ನಲಿಲ್ಲ. ನನಗೆ ಬೇಡ, ಊರವರಿಗೆ ಆಗಬಹುದು, ಅಲ್ವಾ? ಅವರ ಕೈ ಏನು ರಬ್ಬರಾ?" ಅವಳು ಪಟ್ಟಿ ಕಟ್ಟಿದ ಕೈಯಿಂದಲೇ ಮೇಜು ತಟ್ಟಿ, ಕತ್ತು ಓರೆ ಮಾಡಿದಳು. "ಹ್ಞೂಂ. ಮೈ ಗಟ್ಟಿ ಇದೆ, ತಗೊಳ್ಳಿ."

ಅದೇ ದನಿ, ಅದೇ ಎಳೆತ. ಈ ಸಲ ಯಾರೂ ನಗಲಿಲ್ಲ. ಅಪ್ಪ ಅವಳ ಓರೆಯಾದ ಕತ್ತನ್ನೇ ನೋಡಿದರು.

"ತಟ್ಟಿದಾಗ ದಬ್ ಅಂದಿರಬೇಕು," ಎಂದರು. "ಅಂದೇ ಇರುತ್ತೆ. ನನಗೆ ಕೇಳಿಸಲಿಲ್ಲ. ಎರಡು ವರ್ಷದಿಂದ ಕೇಳಿಸ್ತಿಲ್ಲ. ಕೇಳಿಸಿದೋನ ಹಾಗೆ ತಲೆ ಆಡಿಸ್ತಿದ್ದೆ."

"ನನಗೆ ಗೊತ್ತಿತ್ತು ಮಾವ," ಎಂದಳು ಸೊಸೆ, ಅವರ ಮುಖದ ಎದುರಿಗೆ ಬಂದು, ತುಟಿ ಬಿಡಿಸಿ. "ಹೇಳಬೇಕಾಗಿತ್ತು."

"ಅವನಿಗೂ ಗೊತ್ತಿತ್ತಾ?"

ಮಗ ತಲೆ ತಗ್ಗಿಸಿದ. ಉತ್ತರ ಅಷ್ಟೇ ಸಾಕಾಯಿತು.

ಅಪ್ಪ ಹೆಂಡತಿಯನ್ನು ಕೇಳಿದರು. "ಎಷ್ಟು ಡಬ್ಬ ಹೋಗಿದೆ?"

"ಏಳು. ತಾರೀಖು ಬೇಕಾ? ಬಾಯಲ್ಲೇ ಇದೆ."

"ಒಂದು ಕಾರಿಗೆ ಎಷ್ಟೋ?"

"ಒಂದು," ಎಂದ ಮಗ. "ಎಡಕ್ಕೊಂದು ಬದಿ, ಬಲಕ್ಕೊಂದು ಬದಿ."

ಏಳರಲ್ಲಿ ಒಂದು ದಿಬ್ಬದ ಮೇಲೆ ಕುಸಿದು ಕೂತಿತ್ತು. ಒಂದು ಇನ್ನೂ ಶೆಡ್ಡಿನಲ್ಲಿ ಬಣ್ಣ ಒಣಗಿಸಿಕೊಳ್ಳುತ್ತಿತ್ತು. ಐದು ರಸ್ತೆಯಲ್ಲಿದ್ದವು. ಅಮ್ಮ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಐದು ತಾರೀಖು ಬರೆದರು. ಮಗ ಪ್ರತಿ ತಾರೀಖಿನ ಮುಂದೆ ಒಂದು ಹೆಸರು, ಒಂದು ಫೋನ್ ನಂಬರು ಬರೆದ. ಅಪ್ಪ ಆ ಹಾಳೆಯನ್ನು ಹೊಸ ಎಣ್ಣೆ ಡಬ್ಬಕ್ಕೆ ಮ್ಯಾಗ್ನೆಟ್ಟಿನಿಂದ ಅಂಟಿಸಿದರು. ಆ ಮ್ಯಾಗ್ನೆಟ್ ಮತ್ತೆ ಜೇಬಿಗೆ ಹೋಗಲಿಲ್ಲ.

ಮರುದಿನದಿಂದ ಮಗಳು ಅಣ್ಣನ ಸ್ವಂತ ಕಾರಿನಲ್ಲಿ ನರ್ಸಿಂಗ್ ಹೋಮಿಗೆ ಹೋದಳು. ಕೀ ಕೇಳಲಿಲ್ಲ, ಮೊಳೆಯಿಂದ ತೆಗೆದುಕೊಂಡಳು. ಅದರ ಮಖಮಲ್ ಸೀಟಿನ ಮೇಲೆ ಮೊದಲ ಮೂಟೆ ಹಾಕುವಾಗ ಪ್ಲಾಸ್ಟಿಕ್ ಹಾಸಲು ಅವಳಿಗೆ ನೆನಪಾಗಲಿಲ್ಲ. ಮಗ ಅವಳ ಸ್ಕೂಟರಿನಲ್ಲಿ ಶೆಡ್ಡಿಗೆ ಹೋದ. ನೀಲಿ ಕಾರನ್ನು ಎಳೆಸಿ ತಂದು, ಅಪ್ಪ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿರಲು, ಕೊಳೆತದ್ದನ್ನೆಲ್ಲಾ ಕತ್ತರಿಸತೊಡಗಿದ. ಅಮ್ಮ ಸೊಸೆಯ ಹೊಲಿಗೆ ಚೀಲವನ್ನು ತಾವೇ ಒಗೆದು, ಇಸ್ತ್ರಿ ಮಾಡಿ, ಬಾಗಿಲ ಹಿಂದೆ ನೇತುಹಾಕಿದರು. ತಪ್ಪಾಯಿತು ಎನ್ನುವ ಪದ ಬಾಯಿಗೆ ಬರಲಿಲ್ಲ. "ಮೊಟ್ಟೆಗೆ ಎಣ್ಣೆ ಹಾಕ್ಕೋ" ಎಂದರು. ಸೊಸೆ ಹಾಕಿಕೊಂಡಳು, ಧಾರಾಳವಾಗಿ.

ಭಾನುವಾರ ತಿಂಡಿಯಾದ ಮೇಲೆ ಅಪ್ಪ ಮೇಜಿನ ಮೇಲೆ ಫೋನಿಟ್ಟರು.

"ಮಾಡು. ಎಲ್ಲರಿಗೂ ಕೇಳೋ ಹಾಗೆ ಇಡು. ಇವಳು ನನಗೆ ಹೇಳ್ತಾಳೆ."

ಸೊಸೆ ಮಾವನ ಎದುರಿಗೆ ಕುರ್ಚಿ ಎಳೆದುಕೊಂಡಳು. ಮೊದಲನೆಯ ನಂಬರು ನಿವೃತ್ತ ಸ್ಕೂಲ್ ಮೇಡಂ ಒಬ್ಬರದು. ದಿನಾ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡಲು ಕಾರು ಕೊಂಡವರು.

"ನಮಸ್ಕಾರ ಮೇಡಂ," ಎಂದ ಮಗ, ಅಂಗಡಿಯ ದನಿಯಲ್ಲಿ. "ನಮ್ಮ ಶೆಡ್ಡಲ್ಲಿ ಈ ತಿಂಗಳು ಉಚಿತ ತಪಾಸಣೆ—"

"'ಉಚಿತ ತಪಾಸಣೆ' ಅಂತೆ ಮಾವ."

"ಇಡು," ಎಂದರು ಅಪ್ಪ. "ಮತ್ತೆ ಮಾಡು."

"ಮೇಡಂ, ಲೈನ್ ಕಟ್ಟಾಯ್ತು... ನಿಮ್ಮ ಕಾರಲ್ಲಿ ಒಂದು ಸಣ್ಣ ತಾಂತ್ರಿಕ ದೋಷ—"

"'ಸಣ್ಣ ತಾಂತ್ರಿಕ ದೋಷ.'"

"ಎಷ್ಟು ಸಣ್ಣದು?" ಎಂದರು ಅಮ್ಮ, ಒಲೆಯ ಕಡೆಯಿಂದ. "ಐದು ಲೀಟರು."

"ಇಡು. ಮತ್ತೆ ಮಾಡು."

ಮೂರನೇ ಸಲ ಮಗನ ದನಿಯಲ್ಲಿ ಅಂಗಡಿ ಇರಲಿಲ್ಲ. "ಮೇಡಂ, ನಾನು ನಿಮಗೆ ಮೋಸ ಮಾಡಿದೀನಿ. ಕಾರಿನ ಅಡಿಭಾಗವನ್ನ ತುಕ್ಕು ತಿಂದಿತ್ತು. ಅದರ ಮೇಲೆ ನಮ್ಮಮ್ಮನ ಎಣ್ಣೆ ಡಬ್ಬ ಕತ್ತರಿಸಿ ಅಂಟಿಸಿದೀನಿ."

ಆ ಕಡೆ ಹಿಂದೆ ಎಲ್ಲೋ ಮಗುವೊಂದು ಹಾಡುತ್ತಿತ್ತು. ಆಮೇಲೆ ಮೇಡಂ ಅವರ ದನಿ ಬಂತು, ಸಿಟ್ಟಿಲ್ಲದೆ, ಬರೀ ಅರ್ಥವಾಗದೆ: "ಅಲ್ಲಪ್ಪ, ನಿಮ್ಮ ತಂದೆಯವರು ತಟ್ಟಿ ನೋಡಿದ್ರಲ್ಲ? ಮೈ ಗಟ್ಟಿ ಇದೆ, ತಗೊಳ್ಳಿ ಅಂದ್ರಲ್ಲ?"

ಸೊಸೆ ಮಾವನ ಮುಖದಿಂದ ಕಣ್ಣು ತೆಗೆದು ಫೋನನ್ನು ನೋಡಿದಳು.

"ಏನಂದ್ರು?" ಎಂದರು ಅಪ್ಪ. "ಹೇಳಮ್ಮ."

ಅವಳು ಹೇಳಿದಳು. ಒಂದು ಪದವೂ ಬಿಡದೆ.

ಅಪ್ಪ ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಕಿವಿ ಕೇಳದವರ ರೀತಿಯಲ್ಲಿ ಜೋರಾಗಿ, ಇಡೀ ಬೀದಿಗೆ ಕೇಳುವಂತೆ ಮಾತಾಡಿದರು. "ತಟ್ಟಿದೆ ಮೇಡಂ. ನನಗೆ ಕಿವಿ ಕೇಳಿಸಲ್ಲ. ಆವತ್ತೂ ಕೇಳಿಸಿರಲಿಲ್ಲ. ಸುಳ್ಳು ಹೇಳಿದೆ. ಮಕ್ಕಳನ್ನ ಅದರಲ್ಲಿ ಕೂರಿಸಬೇಡಿ, ನಾವೇ ಬಂದು ಎಳೆಸಿಕೊಂಡು ಹೋಗ್ತೀವಿ. ಹೊಸ ತಗಡು ಬೆಸೆದು ಕೊಡ್ತೀವಿ. ನೀವೇ ತಟ್ಟಿ ನೋಡಿ, ನೀವೇ ಕೇಳಿ, ಆಮೇಲೆ ತಗೊಳ್ಳಿ."

ಆ ಕಡೆಯಿಂದ ಬಂದ ಉತ್ತರ ಉದ್ದವಿತ್ತು, ಮೆದುವಾಗಿರಲಿಲ್ಲ. ಸೊಸೆ ಅದನ್ನೂ ಪೂರ್ತಿಯಾಗಿ ಹೇಳಿದಳು. ಅಪ್ಪ ಕೊನೆಯವರೆಗೂ ಅವಳ ತುಟಿ ನೋಡಿದರು. ಈ ಸಲ ತಲೆಯಾಡಿಸಿದ್ದು ಕೇಳಿಸಿದ್ದಕ್ಕೆ.

ಅಮ್ಮ ಹಾಳೆಯ ಮೇಲಿನ ತಾರೀಖಿಗೆ ಗೀಟು ಹಾಕಿದರು.

"ಇನ್ನು ನಾಲ್ಕು," ಎಂದರು ಅಪ್ಪ. "ಒತ್ತು."